ಕಣದಲ್ಲಿ ನಿಂತ ಮನೆಗಾಡಿ

ಕೊಡಗಿನಲ್ಲಿ ಸಮತಟ್ಟಾದ ನೆಲ ಎಷ್ಟು ವಿರಳವೆಂಬುದು ಮನೆಯಲ್ಲಿ ಮಲಗುವವರಿಗೆ ತಿಳಿಯುವುದಿಲ್ಲ. ಗಾಡಿಯಲ್ಲಿ ಮಲಗುವವರಿಗೆ ಮೊದಲ ದಿನವೇ ತಿಳಿಯುತ್ತದೆ. ಚಕ್ರದ ಕೆಳಗೆ ನೆಲ ಒಂದಿಷ್ಟು ಓರೆಯಾಗಿದ್ದರೂ ಸಾಕು, ಬೆಳಗಾಗುವಷ್ಟರಲ್ಲಿ ಗಂಡಹೆಂಡತಿ ಇಬ್ಬರೂ ಹಾಸಿಗೆಯ ಒಂದೇ ಅಂಚಿಗೆ ಜಾರಿರುತ್ತಾರೆ. ತಗ್ಗಿನ ಬದಿಯಲ್ಲಿ ಮಲಗಿದವರು ತಗಡಿನ ಗೋಡೆಗೂ ಸಂಗಾತಿಯ ಬೆನ್ನಿಗೂ ನಡುವೆ ಸಿಕ್ಕಿಕೊಂಡಿರುತ್ತಾರೆ. ನಮ್ಮ ಗಾಡಿಯಲ್ಲಿ ತಗ್ಗಿನ ಬದಿ ಯಾವಾಗಲೂ ನನ್ನ ಪಾಲಿಗೇ ಬರುತ್ತಿತ್ತು. ಅದು ಆಕಸ್ಮಿಕವೆಂದು ನನ್ನ ಗಂಡ ಹೇಳುತ್ತಾರೆ. ಹೆಂಗಸರ ಪಾಲಿಗೆ ಬರುವ ಆಕಸ್ಮಿಕಗಳಿಗೆಲ್ಲ ಒಂದು ಇತಿಹಾಸವಿರುತ್ತದೆ ಎಂದು ನಾನು ಹೇಳುತ್ತೇನೆ.

ನಾನು ಗೋಣಿಕೊಪ್ಪಲಿನ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಅವರು ಅದರ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ರೈಟರಾಗಿದ್ದವರು. ಆಳುಗಳ ಹಾಜರಿ ಹಾಕಿ, ಕೆಲಸ ಹಂಚಿ, ಕುಯ್ದ ಕಾಫಿಯನ್ನು ತೂಗಿಸಿ, ಒಣಗಿಸಿ, ಮಾಲೀಕರಿಗೂ ಆಳುಗಳಿಗೂ ನಡುವೆ ನಿಂತು ಇಬ್ಬರಿಂದಲೂ ಬೈಸಿಕೊಳ್ಳುವವರನ್ನು ನಮ್ಮಲ್ಲಿ ರೈಟರು ಎನ್ನುತ್ತಾರೆ. ‘ಯಜಮಾನರು’ ಎಂಬ ಪದವನ್ನು ನಾನು ಮದುವೆಯ ಮಾರನೆಯ ದಿನವೇ ಬಹಿಷ್ಕರಿಸಿದ್ದೆ. ‘ನಮ್ಮವರು’ ಎಂಬುದರಲ್ಲಿಯೂ ಆಸ್ತಿಯ ವಾಸನೆಯಿದೆ. ಆದುದರಿಂದ ಊರೆಲ್ಲ ಕರೆಯುವಂತೆ ನಾನೂ ಅವರನ್ನು ರೈಟರೇ ಎಂದು ಕರೆಯುತ್ತ ಬಂದಿದ್ದೇನೆ. ಅವರು ನನ್ನನ್ನು ಜನರೆದುರು ಟೀಚರ್ ಎಂದೂ ಜನರಿಲ್ಲದಾಗ ‘ಏ’ ಎಂದೂ ಕರೆಯುತ್ತಾರೆ. ಇಬ್ಬರೂ ಉತ್ತರ ಕೊಡಗಿನ ಶನಿವಾರಸಂತೆ ಕಡೆಯ, ಮಾಂಸ ಮುಟ್ಟದ ಶೈವ ಒಕ್ಕಲು ಮನೆತನಗಳಲ್ಲಿ ಹುಟ್ಟಿದವರು. ದಕ್ಷಿಣ ಕೊಡಗಿನಲ್ಲಿ ಬದುಕು ಸವೆಸಿದರೂ ರೈಟರ ಮಾತು ಹಾಸನದ ಗಡಿ ಬಿಟ್ಟು ಈಚೆಗೆ ಬರಲೇ ಇಲ್ಲ.

ಮದುವೆಯಾದಂದಿನಿಂದ ನಾವಿದ್ದದ್ದು ಎಸ್ಟೇಟಿನ ಕ್ವಾರ್ಟರ್ಸಿನಲ್ಲಿ. ನನಗೆ ನನ್ನದೇ ಕೆಲಸವಿತ್ತು, ನನ್ನದೇ ಸಂಬಳವಿತ್ತು. ಆದರೆ ನಾನು ಬೀಗ ಹಾಕಿ ಶಾಲೆಗೆ ಹೊರಡುತ್ತಿದ್ದ ಬಾಗಿಲು ಅವರ ನೌಕರಿಗೆ ಸೇರಿದ್ದಾಗಿತ್ತು. ಗೋಡೆಗೊಂದು ಮೊಳೆ ಹೊಡೆಯಬೇಕಾದರೂ ಬಂಗಲೆಯ ಕಡೆ ನೋಡಬೇಕು. ನಸುಕಿನಲ್ಲಿ ಎಸ್ಟೇಟಿನ ಗಂಟೆ ಬಾರಿಸಿದರೆ ಅಲ್ಲಿಯ ಆಳಲ್ಲದ ನಾನೂ ಎದ್ದು ಕೂರಬೇಕು. ಅವರು ನಿವೃತ್ತರಾದಾಗ ಒಂದು ಶಾಲು ಹೊದಿಸಿದರು, ಒಂದು ಗೋಡೆ ಗಡಿಯಾರ ಕೊಟ್ಟರು, ಗೋಡೆಯನ್ನು ಮಾತ್ರ ವಾಪಸು ಕೇಳಿದರು. ಜೀವಮಾನವಿಡೀ ದುಡಿದವನಿಗೆ ದುಡಿಮೆ ಮುಗಿದ ದಿನ ಸೂರು ಇಲ್ಲದಂತೆ ಮಾಡುವುದು ಅನ್ಯಾಯ ಎಂದು ನಾನು ಆ ಬೀಳ್ಕೊಡುಗೆಯಲ್ಲಿಯೇ ಎದ್ದುನಿಂತು ಹೇಳಿದೆ. ಲೈನುಮನೆಗಳಲ್ಲಿರುವ ಕೂಲಿಗಳಿಗಾದರೋ ಶಾಲೂ ಇಲ್ಲ ಎಂದೂ ಹೇಳಿದೆ. ರೈಟರು ಶಾಲಿನೊಳಗೆ ಮುಖ ಮರೆಸಿಕೊಂಡಿದ್ದರು.

ಕುಶಾಲನಗರದ ಬಳಿ ಸೈಟು ಕೊಳ್ಳಿರೆಂದು ನೆಂಟರು ಹೇಳಿದರು. ನಾನು ಒಪ್ಪಲಿಲ್ಲ. ಇನ್ನು ಮುಂದೆ ಯಾರ ಕೆಲಸಕ್ಕೂ ಅಂಟಿಕೊಳ್ಳದ, ಯಾವ ಗಂಟೆಗೂ ಏಳದ ಮನೆಯಲ್ಲಿರಬೇಕೆಂದು ನಾನು ನಿರ್ಧರಿಸಿದ್ದೆ. ಪ್ರವಾಸಿಗರನ್ನು ಹೊತ್ತು ಸುಸ್ತಾಗಿದ್ದ ಟೆಂಪೊ ಟ್ರಾವೆಲರ್ ಒಂದನ್ನು ಕೊಂಡು, ಸೀಟುಗಳನ್ನು ಕೀಳಿಸಿ, ಒಂದು ಹಾಸಿಗೆ, ಗ್ಯಾಸ್ ಒಲೆ, ಪಾತ್ರೆ ತೊಳೆಯುವ ಬೋಗುಣಿ, ಮೂಲೆಯಲ್ಲೊಂದು ಪುಟ್ಟ ಶೌಚಾಲಯ, ಮೇಲೆ ನೀರಿನ ಟ್ಯಾಂಕು ಇಡಿಸಿದೆವು. ಓಡಿಸಲು ಕಲಿತವಳು ನಾನು. ಓಡಿಸಿದವರು ಆ ಹೊತ್ತಿನ ಅಡುಗೆ ಮಾಡತಕ್ಕದ್ದಲ್ಲ ಎಂಬುದು ನಮ್ಮ ಸಂವಿಧಾನದ ಮೊದಲ ವಿಧಿ. ರೈಟರು ಇದಕ್ಕೆಲ್ಲ ಕೊಟ್ಟ ಒಪ್ಪಿಗೆ ಒಂದೇ ಮಾತಿನದು: “ನೋಡಣ ಬಿಡು.” ಈ ಬದುಕು ಅವರಿಗೆ ಇಷ್ಟವಾಯಿತೋ, ಅಥವಾ ನನ್ನ ಭಾಷಣ ತಪ್ಪಿಸಿಕೊಳ್ಳಲು ಹತ್ತಿ ಕುಳಿತರೋ ಎಂಬುದು ನನಗೆ ತಿಳಿಯಲೇ ಇಲ್ಲ. ಆ ಸಂಶಯವೊಂದೇ ಗಾಡಿಯಲ್ಲಿ ನನಗೆ ಭಾರವಾಗಿದ್ದ ಸಾಮಾನು.

ನಮ್ಮ ಮನೆಗಾಡಿಯನ್ನು ಜನ ಏನೆಲ್ಲ ಎಂದುಕೊಂಡರು! ಗೋಣಿಕೊಪ್ಪಲಿನಲ್ಲಿ ಅದು ರಕ್ತದಾನದ ಗಾಡಿಯಾಯಿತು. ನಾಪೋಕ್ಲು ಸಂತೆಯಲ್ಲಿ ಒಬ್ಬಾಕೆ ತನ್ನ ನಾಯಿಗೆ ಹುಚ್ಚಿನ ಚುಚ್ಚುಮದ್ದು ಹಾಕಿಸಲು ಎಳೆದುಕೊಂಡು ಬಂದಳು; ಇದು ಪಶು ಆಸ್ಪತ್ರೆಯದಲ್ಲ ಎಂದರೆ ನಂಬದೆ, ಕೆಲಸಗಳ್ಳರೆಂದು ಬೈದು ಹೋದಳು. ಇವೆಲ್ಲ ಸಹಿಸಬಹುದಾದ ತಪ್ಪುಗಳು. ಸಹಿಸಲಾರದ್ದು ಬೇರೆ. ಸ್ಟೇರಿಂಗಿನ ಹಿಂದಿನಿಂದ ನಾನು ಇಳಿದುಬಂದರೂ, ಗಾಡಿ ಎಷ್ಟು ಮೈಲೇಜು ಕೊಡುತ್ತದೆಂದು ಎಲ್ಲರೂ ರೈಟರನ್ನೇ ಕೇಳುತ್ತಿದ್ದರು. ಬೈಸಿಕಲ್ಲೂ ನೆಟ್ಟಗೆ ಬಿಡದ ಆ ಮನುಷ್ಯ ಗಂಭೀರವಾಗಿ ಟೈರು ಒದ್ದು ನೋಡಿ, “ಪರವಾಗಿಲ್ಲ, ಕೊಡ್ತದೆ” ಎನ್ನುತ್ತಿದ್ದರು.

ರೋಬಸ್ಟಾ ಕಾಫಿಯ ಕುಯ್ಲು ಜೋರಾಗಿದ್ದ ದಿನಗಳಲ್ಲಿ ನಾವು ಕಕ್ಕಬೆಗೆ ಬಂದೆವು. ತಡಿಯಂಡಮೋಳ್ ಬೆಟ್ಟದ ನೆರಳು ಅಲ್ಲಿ ಬೇಗ ಬೀಳುತ್ತದೆ. ಒಂದು ಎಸ್ಟೇಟಿನ ಗೇಟಿನಲ್ಲಿ ನಿಂತಿದ್ದ ವಯಸ್ಸಾದ ಕೊಡವ ಹೆಂಗಸು ನಮ್ಮನ್ನು ದಾರಿ ತಪ್ಪಿದ ಪ್ರವಾಸಿಗರೆಂದು ತಿಳಿದು, ಹೋಂಸ್ಟೇ ಇನ್ನೂ ಮೇಲಿದೆ ಎಂದು ಕೈ ತೋರಿಸಿದರು. ನಮಗೆ ಬೇಕಾದದ್ದು ಕೋಣೆಯಲ್ಲ, ಒಂದು ತುಂಡು ಮಟ್ಟವಾದ ನೆಲ ಎಂದು ವಿವರಿಸಿದ ಮೇಲೆ ಅವರು ನನ್ನ ಕಿಟಕಿಯ ಬಳಿಗೆ ಬಂದರು. “ನೀವೇ ಬಿಡುದಾ? ಸ್ಟೇರಿಂಗ್ ಗಟ್ಟಿ ಇಲ್ವಾ?” ಎಂದು ಕೇಳಿದರು. ಅಷ್ಟು ಊರುಗಳಲ್ಲಿ ಆ ಪ್ರಶ್ನೆಯನ್ನು ನನಗೆ ಕೇಳಿದ ಮೊದಲಿಗರು ಅವರು. ಆ ಕ್ಷಣದಿಂದ ನಾನು ಅವರ ಪಕ್ಷಪಾತಿ. ಗಂಡ ತೀರಿಕೊಂಡ ಮೇಲೆ ಆ ತೋಟವನ್ನು ಒಬ್ಬರೇ ನಡೆಸುತ್ತಿದ್ದ ಅವರನ್ನು ಎಲ್ಲರೂ ಅಮ್ಮ ಎನ್ನುತ್ತಿದ್ದರು. ಮಾಲೀಕರನ್ನು ತಾಯಿಯಾಗಿಸುವುದು ಊಳಿಗಮಾನ್ಯದ ಉಳಿಕೆ ಎಂಬ ಕಾರಣಕ್ಕೆ ನಾನು ಅಕ್ಕ ಎಂದೆ. ಅವರು ಎರಡಕ್ಕೂ ಓಗೊಡುತ್ತಿದ್ದರು.

ಅಕ್ಕ ತೋರಿಸಿದ್ದು ಕಾಫಿ ಕಣವನ್ನು. ಕುಯ್ದ ಹಣ್ಣನ್ನು ಬಿಸಿಲಿಗೆ ಹರಡಲೆಂದು ಸಿಮೆಂಟು ಹಾಕಿದ ಆ ವಿಶಾಲ ಅಂಗಳದಷ್ಟು ಮಟ್ಟವಾದ ಜಾಗ ಸುತ್ತಮುತ್ತ ಬೇರೆ ಇರಲಿಲ್ಲ. ಅಂದೇ ಒಂದು ಪಾಳಿಯ ಒಣ ಕಾಫಿಯನ್ನು ಮೂಟೆ ಕಟ್ಟಿದ್ದರಿಂದ ಕಣ ಖಾಲಿಯಿತ್ತು. ರೈಟರು ಹಿಂದೆ ನಿಂತು ಕೈಸನ್ನೆ ಮಾಡುತ್ತ, ಗೋಡೌನಿನ ಗೋಡೆಗೆ ತಾಗುವಷ್ಟು ಒಳಗಿನ ಮೂಲೆಗೆ ಗಾಡಿಯನ್ನು ನನ್ನಿಂದ ಹಿಮ್ಮುಖವಾಗಿ ಹಾಕಿಸಿದರು. ನಾವು ಅಂದು ಸರಿಸಮನಾಗಿ ಮಲಗಿದೆವು. ಬೆಳಿಗ್ಗೆ ಹತ್ತಿರದ ಹಳೆಯ ಅರಮನೆಯನ್ನು ನೋಡಲು ನಡೆದುಹೋದೆವು. ಕಟ್ಟಿಸಿದವರ ಹೆಸರನ್ನು ಎಲ್ಲರೂ ಹೇಳುತ್ತಾರೆ, ಕಲ್ಲು ಹೊತ್ತವರ ಹೆಸರನ್ನು ಯಾರೂ ಹೇಳುವುದಿಲ್ಲ ಎಂದು ನಾನು ದಾರಿಯುದ್ದಕ್ಕೂ ವಿವರಿಸುತ್ತಿದ್ದೆ. ರೈಟರು ದಾರಿಯುದ್ದಕ್ಕೂ ಪಕ್ಕದ ತೋಟಗಳ ಮೆಣಸಿನ ಬಳ್ಳಿಗಳನ್ನು ನೋಡುತ್ತಿದ್ದರು.

ಮಧ್ಯಾಹ್ನ ಮರಳಿದಾಗ ನಮ್ಮ ಮನೆ ಕಾಫಿಯ ನಡುವೆ ನಿಂತಿತ್ತು. ಕಣದ ಈ ಅಂಚಿನಿಂದ ಆ ಅಂಚಿನವರೆಗೆ ಕೆಂಪು, ಹಸಿರು, ಕಪ್ಪು ಹಣ್ಣುಗಳನ್ನು ಹರಡಿದ್ದರು. ಗಾಡಿ ನಿಂತ ಮೂಲೆಯನ್ನು ಮಾತ್ರ ಬಿಟ್ಟು, ಅದರ ಮುಂದಿನ ಚಕ್ರದವರೆಗೆ ಉದ್ದ ಹಿಡಿಯ ಹಲಗೆಯಲ್ಲಿ ಎಳೆದು ಒಪ್ಪ ಮಾಡಿದ್ದರು. ಬೆಳಗಿನ ಲೋಡು ಬಂತು, ನೀವು ಇರಲಿಲ್ಲ, ಹಣ್ಣು ಕಾಯುವುದಿಲ್ಲ ಎಂದು ಅಕ್ಕ ಹೇಳಿದರು. ಬೇಕಿದ್ದರೆ ಎರಡು ಸಾಲು ಸರಿಸಿ ಚಕ್ರಕ್ಕೆ ದಾರಿ ಮಾಡಿಸುತ್ತೇನೆಂದೂ ಹೇಳಿದರು.

ಬೇಡವೆಂದವರು ಅಕ್ಕನ ಆಳುಗಳಲ್ಲ, ನನ್ನ ಗಂಡ. ಕಣದ ಮೇಲೆ ಚಕ್ರ ಹಾಯುವುದೆಂದೊಡನೆ ಅವರ ಮುಖ ದೇವಸ್ಥಾನದೊಳಗೆ ಚಪ್ಪಲಿ ಕಂಡವರ ಮುಖದಂತಾಯಿತು. ಟೈರಿನಲ್ಲಿ ಮಣ್ಣಿರುತ್ತದೆ, ಎಣ್ಣೆಯಿರುತ್ತದೆ, ಕಾಫಿ ವಾಸನೆ ಹಿಡಿಯುತ್ತದೆ. ಒಣಗಿ ಮೂಟೆಗೆ ತುಂಬುವವರೆಗೆ ಗಾಡಿ ಅಲ್ಲಾಡಕೂಡದು ಎಂದು ತೀರ್ಪು ಕೊಟ್ಟರು. ಹಸಿಹಣ್ಣು ಒಣಗಲು ಒಂದೆರಡು ದಿನ ಸಾಲದು. ತಮ್ಮ ಎಸ್ಟೇಟಿನ ಕಣಕ್ಕೆ ಒಂದು ಕೋಳಿ ಕಾಲಿಡಲೂ ಬಿಡದ ಮನುಷ್ಯ, ಕುಯ್ಲಿನ ನಡುಮಧ್ಯೆ ಸ್ವಂತ ಮನೆಯನ್ನು ಒಯ್ದು ಕಣದ ಒಳಮೂಲೆಯಲ್ಲಿ ನಿಲ್ಲಿಸಿದ್ದು ಹೇಗೆ ಎಂದು ನಾನು ಕೇಳಿದೆ.

“ಜಾಗ ಮಟ್ಟವಾಗಿತ್ತು ಕಣೆ” ಎಂದರು.

ಮೊದಲ ದಿನ ಅವರು ಮಡಚುವ ಕುರ್ಚಿಯಲ್ಲಿ ಕುಳಿತು ಪತ್ರಿಕೆ ಓದಿದರು. ಮರುದಿನ ಪತ್ರಿಕೆ ಕುರ್ಚಿಯಲ್ಲಿತ್ತು, ಅವರು ಪಕ್ಕದಲ್ಲಿ ನಿಂತಿದ್ದರು. ಅದರ ಮರುದಿನ ಕುರ್ಚಿಯಲ್ಲಿ ಅಂಗಿಯಿತ್ತು, ಅವರು ಬನಿಯನ್ನಿನಲ್ಲಿ ಹಲಗೆ ಹಿಡಿದು ಕಾಫಿ ತಿರುವುತ್ತಿದ್ದರು. ಆಗಾಗ ಒಂದು ಹಿಡಿ ಹಣ್ಣು ತೆಗೆದು ಕಿವಿಯ ಬಳಿ ಕುಲುಕಿ, ಒಳಗೆ ಬೀಜ ಗಲಗಲ ಎನ್ನುತ್ತದೆಯೇ ಎಂದು ಆಲಿಸುವರು. ಅಷ್ಟು ಗಮನ ಕೊಟ್ಟು ನನ್ನ ಯಾವ ಭಾಷಣವನ್ನೂ ಅವರು ಕೇಳಿದ್ದಿಲ್ಲ. ಅಕ್ಕನ ತೋಟದ ರೈಟರು ಆ ವರ್ಷ ರೆಸಾರ್ಟೊಂದಕ್ಕೆ ಮ್ಯಾನೇಜರಾಗಿ ಹೋಗಿದ್ದರಂತೆ. ಕೇಳುವವರಿಲ್ಲದ ಕಣ ಒಂದು ಕಡೆ, ಕಣವಿಲ್ಲದ ರೈಟರು ಇನ್ನೊಂದು ಕಡೆ; ಮಧ್ಯೆ ನಾನು.

ನಾನೂ ಸುಮ್ಮನೆ ಕೂರುವವಳಲ್ಲ. ಕಣದಲ್ಲಿ ಗಂಡಸರೂ ಹೆಂಗಸರೂ ಅದೇ ಹಲಗೆ ಹಿಡಿದು ಅದೇ ಕಾಫಿ ತಿರುವುತ್ತಿದ್ದರು. ಕೂಲಿ ಮಾತ್ರ ಗಂಡಾಳಿಗೆ ಒಂದು, ಹೆಣ್ಣಾಳಿಗೆ ಒಂದು. ಇನ್ನೂ ಕೆಟ್ಟದ್ದೆಂದರೆ ಹೆಂಗಸರಿಗೆ ಶೌಚಾಲಯವಿರಲಿಲ್ಲ. ಮೆಣಸಿನ ಬಳ್ಳಿಗಳ ಮರೆಗೆ ಹೋಗಬೇಕಿತ್ತು. ಚಕ್ರದ ಮೇಲೆ ಒಂದು ಶೌಚಾಲಯವನ್ನು ಊರೂರಿಗೆ ಹೊತ್ತು ತಿರುಗುವ ನಾನು ಅದನ್ನು ನೋಡಿಕೊಂಡಿರುವುದು ಹೇಗೆ? ಗಾಡಿಯ ಬಾಗಿಲನ್ನು ಹೆಂಗಸರೆಲ್ಲರಿಗೂ ತೆರೆದೆ. ಒಬ್ಬರ ಹಿಂದೊಬ್ಬರು ಚಪ್ಪಲಿ ಕಳಚಿ, ಕಾಫಿಯ ಅಂಚಿನಲ್ಲಿ ಕಾಲಿಟ್ಟು ಬಂದರು. ಸಂಜೆಯ ಹೊತ್ತಿಗೆ ಗಾಡಿಯ ಅಡಿಯ ತೊಟ್ಟಿ ತುಂಬಿತು.

“ನಿನ್ನ ಸಮಾನತೆ ತುಂಬೋಗದೆ. ಎಲ್ಲಿಗೆ ಸುರೀಲಿ?” ಎಂದು ರೈಟರು ಕೇಳಿದರು. ಕೇಳಿದರೇ ಹೊರತು ನನಗಾಗಿ ಕಾಯಲಿಲ್ಲ. ತೋಟದ ಮೂಲೆಯಲ್ಲಿ ತಾವೇ ಗುಂಡಿ ತೋಡಿ, ತಾವೇ ಹೊತ್ತು ಹಾಕಿ ಬಂದರು. ಅವರ ಬಗ್ಗೆ ನಾನು ಹೊರಿಸುವ ಆರೋಪಗಳ ನಡುವೆ ಇದನ್ನೂ ಬರೆದಿಡುವುದು ನ್ಯಾಯ.

ಮಧ್ಯಾಹ್ನದ ಊಟಕ್ಕೆ ಅಕ್ಕ ನಮ್ಮನ್ನು ತಮ್ಮ ಮನೆಗೇ ಕರೆಯುತ್ತಿದ್ದರು. ಅಂಗಳದಲ್ಲಿರುವವರು ತಾವೇ ಬೇಯಿಸಿಕೊಳ್ಳುವುದು ಆ ಮನೆಗೆ ಅವಮಾನವಂತೆ. ಅಕ್ಕಿತರಿಯ ಉಂಡೆಯಾದ ಕಡಂಬುಟ್ಟಿನ ಜೊತೆ, ಹಂದಿಮಾಂಸದ ಪಂದಿ ಸಾರಿನ ಬದಲು ನಮಗೆಂದು ಎಳೆಬಿದಿರಿನ ಕಳಲೆ ಸಾರು ಮಾಡಿಸುವರು. ಆಹಾರದ ಶುದ್ಧ ಅಶುದ್ಧಗಳು ಜಾತಿಯ ಕುತಂತ್ರವೆಂದು ಸಭೆಗಳಲ್ಲಿ ಹೇಳಿದವಳು ನಾನು. ನಾಲಿಗೆ ಮಾತ್ರ ಆ ಸಭೆಗಳಿಗೆ ಬಂದಿರಲಿಲ್ಲ. ಊಟದ ನಡುವೆ ಸಮಾನ ಕೂಲಿಯ ಪ್ರಶ್ನೆ ಎತ್ತಿದಾಗ ಅಕ್ಕ ಎಲ್ಲಾ ಕಡೆಯೂ ಹಾಗೇ ಇದೆಯಲ್ಲ ಎಂದರು. ಎಲ್ಲಾ ಕಡೆ ಇರುವ ಮಾತ್ರಕ್ಕೆ ಅನ್ಯಾಯ ನ್ಯಾಯವಾಗದು ಎಂದೆ. ಅವರು ನನ್ನ ತಟ್ಟೆಗೆ ಇನ್ನೊಂದು ಕಡಂಬುಟ್ಟು ಹಾಕಿ ರೈಟರ ಕಡೆ ತಿರುಗಿದರು.

“ಇವರು ಪಂದಿ ತಿನ್ನುದಿಲ್ಲ, ಸುಮ್ಮನೆ ಇರುದೂ ಇಲ್ಲ. ಹೇಗೆ ಸಾಕಿದಿರಿ ರೈಟರೇ?”

“ಸಾಕಿದ್ದು ನಾನಲ್ಲ ಅಮ್ಮ. ಅವಳೇ ನನ್ನ ಸಾಕಿರದು” ಎಂದರು ಅವರು, ಬಾಯಿ ತುಂಬ ಕಳಲೆ ಇಟ್ಟುಕೊಂಡು.

ಮಳೆ ಬಂದದ್ದು ಕಾಫಿ ಅರ್ಧ ಒಣಗಿದ್ದಾಗ. ಆ ತಿಂಗಳಲ್ಲಿ ಬರಬಾರದ ಮಳೆ. ಈಗೀಗ ಅದು ಬರಬಾರದಾಗಲೇ ಬರುತ್ತದೆ. ಕಾಡು ಕಡಿದು ರಸ್ತೆ, ರೆಸಾರ್ಟು ಮಾಡಿದವರ ಮೇಲೆ ಬೀಳದೆ ಕಣದಲ್ಲಿರುವವರ ಮೇಲೆ ಬೀಳುತ್ತದೆ. ಮಧ್ಯಾಹ್ನದ ಬಿಸಿಲು ನೋಡನೋಡುತ್ತಿದ್ದಂತೆ ಕಂದಿತು, ಬೆಟ್ಟದ ತುದಿ ಮಾಯವಾಯಿತು. ಆಗ ರೈಟರ ಗಂಟಲಿನಿಂದ ಒಂದು ಧ್ವನಿ ಹೊರಟಿತು. ನಿವೃತ್ತಿಯಾದಂದಿನಿಂದ ನಾನು ಆ ಧ್ವನಿ ಕೇಳಿರಲಿಲ್ಲ. ರಾಶಿ ಎಳೆಯಿರಿ, ನೀವಿಬ್ಬರು ಟಾರ್ಪಾಲಿಗೆ, ಅಂಚಿಗೆ ಕಲ್ಲು ಹೇರಿ ಎಂದು ಕನ್ನಡದಲ್ಲಿ ಅರ್ಧ, ತಮಿಳಿನಲ್ಲಿ ಕಾಲು, ಅಸ್ಸಾಮಿನಿಂದ ಬಂದ ಆಳುಗಳಿಗಾಗಿ ತಮ್ಮ ಮುರುಕು ಹಿಂದಿಯಲ್ಲಿ ಉಳಿದದ್ದು ಕೂಗುತ್ತ ಅವರು ಕಣದ ತುಂಬ ಓಡಾಡಿದರು. ಅಕ್ಕನೂ ಸೆರಗು ಬಿಗಿದು ಹಲಗೆ ಹಿಡಿದರು. ಕೊನೆಯ ಟಾರ್ಪಾಲು ಮುಚ್ಚುವುದಕ್ಕೂ ಹನಿ ಬೀಳುವುದಕ್ಕೂ ಸರಿಹೋಯಿತು. ರೈಟರು ತೊಯ್ದು ತೊಪ್ಪೆಯಾಗಿ, ಹೆಂಗಸರ ನಡುವೆ ನಿಂತು ನಗುತ್ತಿದ್ದರು.

ನಾನೂ ಕೈಗೆ ಸಿಕ್ಕ ಟಾರ್ಪಾಲಿನ ತುದಿ ಹಿಡಿದು ನಿಂತು ಅವರನ್ನು ನೋಡಿದೆ. ಗಾಡಿ ಕೊಂಡಂದಿನಿಂದ ಎಷ್ಟೋ ನದಿ, ಬೆಟ್ಟ, ಜಲಪಾತ ತೋರಿಸಿದ್ದೆ. ಒಂದರ ಮುಂದೆಯೂ ಆ ಮುಖ ಹಾಗೆ ಅರಳಿರಲಿಲ್ಲ.

ಮರುದಿನ ಬೆಳಿಗ್ಗೆ ಜಗಲಿಯಲ್ಲಿ ಬೆಲ್ಲದ ಕಾಫಿ ಕುಡಿಯುವಾಗ ಅಕ್ಕ ನೇರವಾಗಿ ಕೇಳಿದರು. “ರೈಟರೇ, ಇಲ್ಲೇ ನಿಂತುಬಿಡಿ. ಕ್ವಾರ್ಟರ್ಸ್ ಖಾಲಿ ಉಂಟು. ಸುಣ್ಣ ಹೊಡೆಸಿ ಕೊಡ್ತೇನೆ.”

ನಾನು ಭಯಪಟ್ಟ ಮಾತು ಅದೇ. ರೈಟರು ಲೋಟದೊಳಗೆ ನೋಡುತ್ತ, ಟೀಚರನ್ನು ಕೇಳಬೇಕು ಎಂದರು. ಬೇಡವೆಂಬ ಪದ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಒಬ್ಬರ ದುಡಿಮೆಯ ಬಗ್ಗೆ ಇನ್ನೊಬ್ಬರು ನಿರ್ಧರಿಸಬಾರದು, ಗಂಡನಾದರೂ ಸರಿ, ಹೆಂಡತಿಯಾದರೂ ಸರಿ ಎಂದು ಬದುಕಿಡೀ ವಾದಿಸಿಕೊಂಡು ಬಂದವಳು, ನನಗೆ ಅನುಕೂಲವಿಲ್ಲದ ದಿನ ಅದನ್ನು ಬಿಡುವುದು ಹೇಗೆ? ಅದು ನಿಮ್ಮ ಹಕ್ಕು, ನೀವೇ ತೀರ್ಮಾನಿಸಬೇಕು ಎಂದೆ. ಅವರು ತಲೆಯಾಡಿಸಿ ಕ್ವಾರ್ಟರ್ಸ್ ನೋಡಲು ಹೋದರು. ನಾನು ಹಿಂದೆಯೇ ಹೋದೆ. ಎರಡು ಕೋಣೆ, ಹೊಗೆ ಹಿಡಿದ ಅಡುಗೆಮನೆ, ಹೊರಗೊಂದು ನಲ್ಲಿ. ನಾನು ಬಿಟ್ಟುಬಂದ ಮನೆಯ ತಮ್ಮನಂತಿತ್ತು. ರೈಟರು ನಲ್ಲಿ ತಿರುಗಿಸಿ, ನೀರಿನ ರಭಸ ನೋಡಿ, ಮೆಚ್ಚಿಕೊಂಡವರಂತೆ ಮತ್ತೆ ಮುಚ್ಚಿದರು.

ಆಗ ನನಗೊಂದು ಉಪಾಯ ಹೊಳೆಯಿತು. ಉಪಾಯವೆಂದು ಅದನ್ನು ಈಗ ಕರೆಯುತ್ತಿದ್ದೇನೆ. ಅಂದು ತತ್ತ್ವವೆಂದೇ ತಿಳಿದಿದ್ದೆ. ಆಳುಗಳೆಲ್ಲ ಕಣದ ಅಂಚಿನಲ್ಲಿ ಚಹಾಕ್ಕೆ ಕುಳಿತಿದ್ದಾಗ ಅಕ್ಕನ ಎದುರು ನಿಂತೆ. ನನ್ನ ಗಂಡ ಇಲ್ಲಿ ರೈಟರಾಗುವುದಾದರೆ ಈ ತೋಟದ ಕ್ವಾರ್ಟರ್ಸಿನಲ್ಲಿ ನಾನೂ ಇರಬೇಕಾಗುತ್ತದೆ. ಹೆಂಗಸರಿಗೆ ಶೌಚಾಲಯವಿಲ್ಲದ, ಒಂದೇ ಕೆಲಸಕ್ಕೆ ಎರಡು ಕೂಲಿಯಿರುವ ಕಡೆ ನಾನು ಇರಲಾರೆ ಎಂದು ಸ್ಪಷ್ಟವಾಗಿ ಹೇಳಿದೆ. ಯಾವ ಮಾಲೀಕರೂ ಇದಕ್ಕೆ ಒಪ್ಪಿದ್ದನ್ನು ನಾನು ಕಂಡಿರಲಿಲ್ಲ. ಅಕ್ಕ ಸಿಟ್ಟಾಗುತ್ತಾರೆ, ಮಾತು ಮುರಿಯುತ್ತದೆ, ಕಾಫಿ ಒಣಗುತ್ತದೆ, ನಾವು ಹೊರಡುತ್ತೇವೆ. ನಾನು ಕಟ್ಟಿಕೊಂಡಿದ್ದ ಲೆಕ್ಕ ಅಷ್ಟೆ.

ಅಕ್ಕ ಚಹಾ ಮುಗಿಸಿ ಲೋಟ ಕೆಳಗಿಟ್ಟರು. “ಆಯ್ತು. ಕಕ್ಕೂಸು ಈ ವಾರವೇ ಕಟ್ಟಿಸ್ತೇನೆ. ಕಣದ ಕೂಲಿ ಎಲ್ಲರಿಗೂ ಒಂದೇ. ಮತ್ತೆ ಎಂತ ಟೀಚರ್?”

ನನ್ನ ಬಳಿ ‘ಮತ್ತೆ’ ಇರಲಿಲ್ಲ. ಬದುಕಿನಲ್ಲಿ ಎಷ್ಟು ಮನವಿ ಕೊಟ್ಟಿದ್ದೇನೋ; ತಿರಸ್ಕಾರಕ್ಕೆ ಉತ್ತರ ನನಗೆ ಬಾಯಿಪಾಠವಿತ್ತು, ಒಪ್ಪಿಗೆಗೆ ಉತ್ತರವನ್ನು ಯಾರೂ ಕಲಿಸಿರಲಿಲ್ಲ. ಕಣದ ಹೆಂಗಸರಿಗೆ ಮುಂದಾಳಾಗಿದ್ದಾಕೆ ಹಲಗೆಯ ಹಿಡಿಯ ಮೇಲೆ ಗಲ್ಲ ಊರಿ ನನ್ನನ್ನೇ ನೋಡುತ್ತಿದ್ದಳು.

“ಹೇಳಿ ಟೀಚರಮ್ಮ, ನಿಲ್ಲಿಸ್ಬೇಡಿ. ಇವತ್ತು ಅಮ್ಮ ಎಲ್ಲದಕ್ಕೂ ಹ್ಞೂಂ ಅಂತಾರೆ” ಎಂದಳು. ಎಲ್ಲರೂ ನಕ್ಕರು. ನಾನೂ ನಗಬೇಕಾಯಿತು.

ಕ್ವಾರ್ಟರ್ಸಿನ ಬಾಗಿಲನ್ನು ನಾನೇ ನನ್ನ ಕೈಯಾರೆ ತೆರೆದುಕೊಂಡಿದ್ದೆ. ಈಗ ಒಲ್ಲೆನೆಂದರೆ ಈ ಹೆಂಗಸರ ಕೂಲಿಯನ್ನು ನಾನೇ ಕಿತ್ತುಕೊಂಡಂತೆ. ಒಪ್ಪಿದರೆ ನಾಳೆಯಿಂದ ಗಂಟೆ. ಗಾಡಿಯ ಮೆಟ್ಟಿಲಿನಲ್ಲಿ ಕುಳಿತು ಬಿಸಿಲು ಕಾಫಿಯ ಮೇಲಿಂದ ಜಾರುವುದನ್ನು ನೋಡುತ್ತಿದ್ದೆ. ರೈಟರು ರಾತ್ರಿ ಅಡುಗೆಯ ತಮ್ಮ ಪಾಳಿಗೆಂದು ಹುರುಳಿಕಾಯಿಯನ್ನು ತಂದು ಪಕ್ಕದಲ್ಲಿ ಕುಳಿತು ನಾರು ತೆಗೆಯತೊಡಗಿದರು. ಅವರ ಭುಜ ಅಲುಗುತ್ತಿತ್ತು. ನೋಡಿದರೆ ನಗುತ್ತಿದ್ದರು.

“ಬೇಡ ಅಂತ ಒಂದು ಮಾತು ಅಂದಿದ್ರೆ ಸಾಕಾಗಿತ್ತಲ್ಲೇ” ಎಂದರು.

ಅದು ನಿಮ್ಮ ಹಕ್ಕಿನ ಪ್ರಶ್ನೆ ಎಂದು ನಾನು ಶುರುಮಾಡಿದೆ.

“ಹಕ್ಕು ಹಂಗಿರ್ಲಿ. ನಿಂಗೆ ಬೇಕಾ, ಬೇಡ್ವಾ?”

“ಬೇಡ.”

ಕಾರಣ ಕೊಡದೆ, ಉಪಪತ್ತಿಯಿಲ್ಲದೆ ಒಂದು ಪದವನ್ನು ನಾನು ಅವರ ಮುಂದೆ ಹೇಳಿದ್ದು ನೆನಪಿಲ್ಲ. ಅವರಿಗೂ ಅದು ಹೊಸದಾಗಿರಬೇಕು. ನಾರು ತೆಗೆಯುವುದನ್ನು ನಿಲ್ಲಿಸಿದರು. ಹಾಗಾದರೆ ನಿಮಗೆ ಎಂದು ನಾನು ಕೇಳಿದೆ. ಅವರು ಯೋಚಿಸಿ, ಒಂದೊಂದೇ ಮಾತಾಗಿ ಹೇಳಿದರು.

“ಕಣ ಬೇಕು ಕಣೆ. ಕುಯ್ಲು ಬಂದ್ರೆ ಕೈ ಸುಮ್ನಿರಲ್ಲ. ಕ್ವಾರ್ಟರ್ಸ್ ಬೇಡ. ಆ ಗಂಟೆ ಹೊಡೆಯೋದು, ಬಂಗ್ಲೆ ಮುಂದೆ ಟೋಪಿ ತೆಗ್ದು ನಿಲ್ಲೋದು, ಅದೆಲ್ಲ ಸಾಕಾಗದೆ.”

ಸಾಕಾಗಿದ್ದರೆ ಆ ನಲ್ಲಿ ತಿರುಗಿಸಿ ನೋಡಿ ಮೆಚ್ಚಿದ್ದೇಕೆ ಎಂದು ನಾನು ಬಿಡದೆ ಕೇಳಿದೆ.

“ಗಾಡಿ ಟ್ಯಾಂಕಿಗೆ ಪೈಪ್ ಎಳುದ್ರೆ ಎಷ್ಟೊತ್ತಿಗೆ ತುಂಬುತ್ತೆ ಅಂತ ನೋಡ್ದೆ” ಎಂದರು. ಅವರಿಗೆ ಅದರಲ್ಲಿ ತಮಾಷೆಯೇನೂ ಕಾಣಲಿಲ್ಲ.

ಕತ್ತಲಾಗುವ ಮೊದಲೇ ಇಬ್ಬರೂ ಜಗಲಿಗೆ ಹೋದೆವು. ಈ ಸಲ ಮಾತಾಡಿದವರು ರೈಟರು. ಈ ಕಾಫಿಯನ್ನು ಒಣಗಿಸಿ ಮೂಟೆ ಕಟ್ಟಿಸಿಯೇ ಹೋಗುತ್ತೇವೆ. ಮುಂದೆಯೂ ಪ್ರತಿ ಕುಯ್ಲಿಗೆ ಬರುತ್ತೇವೆ, ಗಾಡಿಯಲ್ಲಿಯೇ, ಕಣದಲ್ಲಿಯೇ ಇರುತ್ತೇವೆ. ಕಣ ಗುಡಿಸಿದ ಮೇಲೆ ನಿಲ್ಲುವುದಿಲ್ಲ ಎಂದರು. ವರ್ಷಕ್ಕೊಮ್ಮೆ ಬರುವವನು ಎಂಥ ರೈಟರು ಎಂದು ಅಕ್ಕ ಮುಖ ದಪ್ಪ ಮಾಡಿದರು. ಉಳಿದ ತಿಂಗಳು ಯಾರು ನೋಡುವುದು ಎಂದು ಕೇಳಿದರು. ಇಷ್ಟು ವರ್ಷ ನೋಡಿದವರು ನೀವೇ ಅಲ್ಲವೇ, ರೈಟರು ಎಂಬ ಹೆಸರನ್ನು ಮಾತ್ರ ಇನ್ನೊಬ್ಬನಿಗೆ ಕೊಟ್ಟಿದ್ದಿರಿ ಎಂದು ನಾನು ಮಧ್ಯೆ ಬಾಯಿ ಹಾಕಿದೆ. ಮೆಣಸಿನ ವ್ಯಾಪಾರಿಗಳು ಇಂದಿಗೂ ಅವರ ಅಂಗಳದಲ್ಲಿ ನಿಂತು, ಯಜಮಾನರು ಇಲ್ಲವೇ ಎಂದು ಅವರನ್ನೇ ಕೇಳುವುದನ್ನು ನಾನು ನೋಡಿದ್ದೆ. ಕುಯ್ಲಿಗೆ ಮಾತ್ರ ತಪ್ಪಬಾರದು ಎಂದರು ಅಕ್ಕ. ಬೇಸರಪಟ್ಟಂತೆ ಕಾಣಲಿಲ್ಲ.

ಕೊನೆಗೆ ನಾನು ಹೆದರುತ್ತಲೇ ಕೇಳಿದೆ: ಕ್ವಾರ್ಟರ್ಸಿಗೆ ನಾವು ಬರದಿದ್ದರೆ ಕೂಲಿಯ ಮಾತು, ಶೌಚಾಲಯದ ಮಾತು?

“ಅಷ್ಟು ಜನರ ಎದುರು ಹೇಳಿದ್ದನ್ನು ವಾಪಸ್ ತೆಗೆದ್ರೆ ನಾಳೆ ನನ್ನ ಕಾಫಿ ಯಾರು ತಿರುವುದು ಟೀಚರ್? ನೀವಾ?” ಎಂದರು ಅಕ್ಕ.

ಹೆಂಗಸರ ಕೂಲಿ ಏರಿದ್ದು ನನ್ನ ವಾದದಿಂದಲ್ಲ, ಆಳು ಸಿಗದ ಕಾಲ ಬಂದದ್ದರಿಂದ ಎಂದು ರೈಟರು ಇಂದಿಗೂ ಹೇಳುತ್ತಾರೆ. ಎರಡೂ ಸೇರಿ ಎಂದು ನಾನು ಹೇಳುತ್ತೇನೆ. ಆಳು ಸಿಗದ ಕಾಲ ಬೇರೆ ತೋಟಗಳಿಗೂ ಬಂದಿದೆ; ಅಲ್ಲಿ ಕೂಲಿ ಇನ್ನೂ ಎರಡೇ ಇದೆ. ಈ ವಿಷಯ ನಮ್ಮ ಗಾಡಿಯಲ್ಲಿ ಬಗೆಹರಿದಿಲ್ಲ.

ಕಾಫಿ ಮೂಟೆಗೆ ಸೇರಿದ ದಿನ ರೈಟರು ತಾವೇ ಪೊರಕೆ ಹಿಡಿದು ಕಣವನ್ನು ಗುಡಿಸಿದರು. ಒಂದು ಬೀಜವೂ ಉಳಿದಿಲ್ಲವೆಂದು ಖಚಿತವಾದ ಮೇಲೆಯೇ ನನಗೆ ಗಾಡಿ ಚಾಲೂ ಮಾಡಲು ಅಪ್ಪಣೆಯಾಯಿತು. ಗೋಡೌನಿನ ಪಕ್ಕದಲ್ಲಿ ಹೊಸ ಶೌಚಾಲಯದ ಗೋಡೆ ಎದೆಮಟ್ಟಕ್ಕೆ ಎದ್ದಿತ್ತು; ಅದರ ಕಿಟಕಿ ದಾರಿಯ ಕಡೆಗೆ ಬರುತ್ತಿರುವುದನ್ನು ಕಂಡು ನಾನು ಇಳಿದುಹೋಗಿ ಮೇಸ್ತ್ರಿಯಿಂದ ಅದನ್ನು ಇನ್ನೊಂದು ಬದಿಗೆ ಗುರುತು ಹಾಕಿಸಿಯೇ ಬಂದೆ. ಅಕ್ಕ ಗೇಟಿನಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದರು. ನಾನು ಕಿಟಕಿ ಇಳಿಸಿದಾಗ ಒಂದು ಬಾಟಲಿ ಜೇನು ಒಳಗಿಟ್ಟರು.

“ಬರುವ ವರ್ಷಕ್ಕೆ ಒಂದೆರಡು ತಪ್ಪು ಉಳಿಸಿ ಇಡ್ತೇನೆ ಟೀಚರ್. ಎಲ್ಲಾ ಸರಿ ಇದ್ರೆ ನಿಮಗೆ ಹೊತ್ತು ಹೋಗುದಿಲ್ಲ” ಎಂದರು.

ಉಳಿಸುವ ಅಗತ್ಯವಿಲ್ಲ, ಈಗಾಗಲೇ ಸಾಕಷ್ಟಿವೆ ಎಂದು ನಾನು ಹೇಳಿದೆ. ಅವರು ಗಾಡಿಯ ಬಾಗಿಲಿಗೆ ಅಂಗೈಯಿಂದ ತಟ್ಟಿ ಕಳುಹಿಸಿದರು.

ಇಳಿಜಾರು ಮುಗಿದು ರಸ್ತೆ ಕವಲೊಡೆಯುವಲ್ಲಿ ಗಾಡಿ ನಿಲ್ಲಿಸಿದೆ. ಎಡಕ್ಕೆ ನಾಪೋಕ್ಲು, ನಮಗೆ ಗೊತ್ತಿದ್ದ ದಾರಿ. ಅಲ್ಲಿಯವರೆಗೆ ಇಂಥ ಕಡೆಗಳಲ್ಲೆಲ್ಲ ರೈಟರು ನಿನ್ನಿಷ್ಟ ಎಂದು ಕಣ್ಣು ಮುಚ್ಚಿ ಸೀಟಿಗೆ ಒರಗುತ್ತಿದ್ದರು. ಆ ಮೂರು ಅಕ್ಷರಗಳ ಹಿಂದೆ ಒಪ್ಪಿಗೆಯಿದೆಯೋ ತಾಳ್ಮೆಯಿದೆಯೋ ಎಂದು ನಾನು ಪ್ರತಿ ಕವಲಿನಲ್ಲೂ ಊಹಿಸಬೇಕಾಗುತ್ತಿತ್ತು. ಅಂದು ಅವರು ಒರಗಲಿಲ್ಲ. ಮುಂದಕ್ಕೆ ಬಾಗಿ, ಗಾಜಿನ ಆಚೆ ಎರಡೂ ಕಡೆ ನೋಡಿದರು.

“ಬಲಕ್ಕೆ ಹೋಗಣ” ಎಂದರು.

ಬಲಕ್ಕೆ ಏನಿದೆ ಎಂದು ಕೇಳಿದೆ.

“ಗೊತ್ತಿಲ್ಲ. ಅದಕ್ಕೇ.”

ನಾನು ಸ್ಟೇರಿಂಗ್ ತಿರುಗಿಸಿದೆ.